ಪತ್ತೇದಾರ ಪುರುಷೋತ್ತಮನ ಜಾಡು ಹಿಡಿದು



ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟರೆ ಸುಂಕದಕಟ್ಟೆಯ ಆಸುಪಾಸಿನಲ್ಲಿ ಶ್ರೀಗಂಧದ ಕಾವಲ್ ಎಂಬ ಬಡಾವಣೆ ಸಿಗುತ್ತದೆ. ನಿಮ್ಮಲ್ಲಿ ಕೆಲವರು ದಿನವೂ ಆ ಹೆಸರಿನ ಫಲಕದ ಕೆಳಗೆ ಬಸ್ಸಿಗೆ ಕಾಯುತ್ತಿರಬಹುದು. ಒಮ್ಮೆ ಆ ಹೆಸರನ್ನು ಪತ್ತೇದಾರನ ಕಣ್ಣಿನಿಂದ ಓದಿ ನೋಡಿ. ಕಾವಲ್ ಎಂದರೆ ಕಾದಿರಿಸಿದ ಭೂಮಿ. ಹಳೆಯ ಮೈಸೂರು ಸೀಮೆಯಲ್ಲಿ ಗಂಧದ ಮರ ಯಾರ ಹೊಲದಲ್ಲಿ ಬೆಳೆದರೂ ಅದು ಸರ್ಕಾರದ ಸ್ವತ್ತು. 2001ರ ಕಾನೂನು ತಿದ್ದುಪಡಿಯ ನಂತರವೇ ಜಮೀನಿನವರಿಗೆ ಆ ಮರದ ಮೇಲೆ ಹಕ್ಕು ಬಂದಿತು. ಬೆಲೆ ಬಾಳುವ ಒಂದು ವಸ್ತು, ಅದಕ್ಕೊಂದು ಕಾವಲು, ಕಾವಲಿನ ಕಣ್ಣು ತಪ್ಪಿಸಲು ಕಾದಿರುವ ಕಳ್ಳ: ಪತ್ತೇದಾರಿ ಕಥೆಗೆ ಬೇಕಾದ ಮೂರೂ ಆ ಒಂದು ಹೆಸರಿನಲ್ಲಿವೆ.

ಇತಿಹಾಸಕಾರನ ಕೆಲಸವೂ ಪತ್ತೇದಾರನ ಕೆಲಸದಂತೆಯೇ. ಸಣ್ಣದೊಂದು ಸುಳಿವಿನಿಂದ ಹೊರಟು, ಸಾಕ್ಷ್ಯ ಕೂಡಿಸಿ, ನಡೆದದ್ದೇನು ಎಂದು ತಿಳಿಯಬೇಕು. ಈ ಸಲ ನಾವು ಹುಡುಕುವುದು ಅಪರಾಧಿಯನ್ನಲ್ಲ, ಒಬ್ಬ ಲೇಖಕರನ್ನು. ಅವರ ಹೆಸರು ಎನ್. ನರಸಿಂಹಯ್ಯ. ನಿಮ್ಮ ಪಠ್ಯಪುಸ್ತಕದಲ್ಲಿ ಈ ಹೆಸರನ್ನು ನೀವು ಬಹುಶಃ ಕಂಡಿಲ್ಲ. ಆದರೆ ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನೋಡಿ, "ಪತ್ತೇದಾರ ಪುರುಷೋತ್ತಮ ಗೊತ್ತೇ?" ಎಂದು. ಅವರ ಮುಖ ಅರಳಿದರೆ ಆಶ್ಚರ್ಯಪಡಬೇಡಿ.

ನಾಲ್ಕನೇ ತರಗತಿಯಿಂದ ಐನೂರು ಪುಸ್ತಕಕ್ಕೆ

ನರಸಿಂಹಯ್ಯನವರು 1925ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದರು. ಶಾಲೆಯಲ್ಲಿ ಕಲಿತದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ಬಡತನದ ಕಾರಣ ಚಿಕ್ಕ ವಯಸ್ಸಿನಲ್ಲೇ ಹೊಟ್ಟೆಪಾಡಿಗಾಗಿ ಹಲವು ಬಗೆಯ ದುಡಿಮೆ ಮಾಡಬೇಕಾಯಿತು. ಅಂಥವರು 1950ರ ದಶಕದಲ್ಲಿ 'ಪತ್ತೇದಾರ ಪುರುಷೋತ್ತಮ'ನನ್ನು ಕನ್ನಡಕ್ಕೆ ಕೊಟ್ಟರು. ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಪತ್ತೇದಾರರೂ ಅವರ ಲೇಖನಿಯಿಂದ ಬಂದವರೇ. 2011ರ ಡಿಸೆಂಬರ್‌ನಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ಪತ್ತೇದಾರಿ ಕಾದಂಬರಿಗಳ ಸಂಖ್ಯೆ ಐನೂರನ್ನು ದಾಟಿತ್ತು. ಇವಲ್ಲದೆ ಸಾಮಾಜಿಕ ಕಾದಂಬರಿಗಳನ್ನೂ ಬರೆದಿದ್ದರು.

ಐನೂರು ಎಂದರೆ ಎಷ್ಟು? ಸ್ವಲ್ಪ ಲೆಕ್ಕ ಹಾಕಿ. ವರ್ಷಕ್ಕೆ ಹತ್ತು ಕಾದಂಬರಿಯಂತೆ ಬರೆದರೂ ಐವತ್ತು ವರ್ಷ ಬೇಕು. ಕೊಳ್ಳುವವರು, ಬಾಡಿಗೆಗೆ ಒಯ್ಯುವವರು, ಕೈಯಿಂದ ಕೈಗೆ ದಾಟಿಸುವವರು ಇಲ್ಲದಿದ್ದರೆ ಯಾವ ಪ್ರಕಾಶಕನೂ ಒಬ್ಬ ಲೇಖಕನ ಐನೂರು ಪುಸ್ತಕಗಳಿಗೆ ಕಾಗದ ಕೊಳ್ಳುವುದಿಲ್ಲ. ಹಾಗಾದರೆ ಆ ಓದುಗರು ಯಾರು? ನಮ್ಮ ಪತ್ತೇದಾರಿಕೆ ನಿಜವಾಗಿ ಶುರುವಾಗುವುದು ಈ ಪ್ರಶ್ನೆಯಿಂದ.

ಓದುಗರು ಎಲ್ಲಿಂದ ಬಂದರು?

1951ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. 1961ರಲ್ಲಿ ಇದು 28ಕ್ಕೆ, 1971ರಲ್ಲಿ 34ಕ್ಕೆ ಏರಿತು. ಎಂದರೆ ಮನೆಯಲ್ಲಿ ಮೊಟ್ಟಮೊದಲು ಅಕ್ಷರ ಕಲಿತವರ ದೊಡ್ಡ ಗುಂಪೊಂದು ಆ ಇಪ್ಪತ್ತು ವರ್ಷಗಳಲ್ಲಿ ಹೊರಬಂದಿತು. ನಾಲ್ಕು, ಐದು, ಏಳನೇ ತರಗತಿಯವರೆಗೆ ಓದಿ ಹೋಟೆಲಿಗೋ ಗಿರಣಿಗೋ ಅಂಗಡಿಗೋ ಕೆಲಸಕ್ಕೆ ಸೇರಿದವರು ಅವರಲ್ಲಿ ಅನೇಕರು. ಮದುವೆಯಾಗಿ ಶಾಲೆ ಬಿಟ್ಟ ಹೆಣ್ಣುಮಕ್ಕಳೂ ಇದ್ದರು. ಕಲಿತ ಅಕ್ಷರವನ್ನು ಬಳಸದಿದ್ದರೆ ಅದು ಮರೆತುಹೋಗುತ್ತದೆ. ಇವರ ಕೈಗೆ ಯಾವ ಪುಸ್ತಕ ಕೊಡುವುದು?

ಈ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಬಿ. ವೆಂಕಟಾಚಾರ್ಯರು (1845-1914) ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ತಂದಾಗಲೂ, ಗಳಗನಾಥರು ಮರಾಠಿಯಿಂದ ಹರಿ ನಾರಾಯಣ ಆಪಟೆಯವರನ್ನು ಕನ್ನಡಿಸಿದಾಗಲೂ, ಮುಂದೆ ಅ.ನ. ಕೃಷ್ಣರಾಯರು ಬರೆದಾಗಲೂ ನಡೆದದ್ದು ಓದುಗರನ್ನು ಕಟ್ಟುವ ಕೆಲಸವೇ. ನರಸಿಂಹಯ್ಯನವರು ಅದೇ ಸಾಲಿನಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿದು ನಿಂತರು. ಕೆಳಗೆ ಎಂಬ ಮಾತನ್ನು ತಪ್ಪಾಗಿ ತಿಳಿಯಬೇಡಿ. ಮೆಟ್ಟಿಲು ಹತ್ತಲು ಬರುವವನ ಮೊದಲ ಹೆಜ್ಜೆ ಬೀಳುವುದು ಕೊನೆಯ ಮೆಟ್ಟಿಲಿನ ಮೇಲೆಯೇ.

ಆ ಮೆಟ್ಟಿಲು ಹೇಗಿತ್ತು? ಪುಸ್ತಕ ಚಿಕ್ಕದು, ಬೆಲೆ ಕಡಿಮೆ. ಭಾಷೆ ಸರಳ, ಸಂಭಾಷಣೆ ಹೆಚ್ಚು. ಒಂದು ಅಧ್ಯಾಯ ಮುಗಿಯುವಾಗ ಮುಂದೇನು ಎಂಬ ಕುತೂಹಲ. ತಡವರಿಸಿ ಓದುವವನೂ ಪುಟ ತಿರುಗಿಸಲೇಬೇಕು. ಕೊಳ್ಳಲಾಗದವರಿಗೆ ಬೀದಿಬೀದಿಯಲ್ಲಿ ಬಾಡಿಗೆ ಲೈಬ್ರರಿಗಳಿದ್ದವು. ಅವನ್ನು ಸರ್ಕ್ಯುಲೇಟಿಂಗ್ ಲೈಬ್ರರಿ ಎನ್ನುತ್ತಿದ್ದರು. ಸ್ವಲ್ಪ ಠೇವಣಿ ಇಟ್ಟು, ದಿನಕ್ಕೆ ಇಷ್ಟು ಪೈಸೆ ಎಂದು ಕೊಟ್ಟು, ರಾತ್ರಿ ಓದಿ ಮುಗಿಸಿ ಬೆಳಿಗ್ಗೆ ವಾಪಸು ಮಾಡಿದರಾಯಿತು. ಮಾರನೆಯ ದಿನ ಇನ್ನೊಂದು. ಓದುವ ಅಭ್ಯಾಸ ಬೆಳೆದದ್ದು ಹೀಗೆ.

'ಪತ್ತೇದಾರ' ಎಂಬ ಮಾತನ್ನೇ ಗಮನಿಸಿ. ಅಮಲ್ದಾರ, ಹವಾಲ್ದಾರ, ಜಮೀನ್ದಾರ ಎಂಬ ಪದಗಳಲ್ಲಿರುವ 'ದಾರ' ಪಾರ್ಸಿಯಿಂದ ಬಂದದ್ದು. ಅವರೆಲ್ಲರೂ ಅಧಿಕಾರ ಉಳ್ಳವರು. ಪತ್ತೇದಾರನ ಬಳಿ ಇರುವುದು ಬುದ್ಧಿ ಒಂದೇ. ಅಧಿಕಾರವಿಲ್ಲದ ಓದುಗನಿಗೆ ಅವನು ಏಕೆ ಇಷ್ಟವಾದ ಎಂಬುದನ್ನು ನೀವೇ ಯೋಚಿಸಿ.

ಈ ದಾರಿಯಲ್ಲಿ ನರಸಿಂಹಯ್ಯನವರು ಒಬ್ಬರೇ ಇರಲಿಲ್ಲ. ಹಳದಿ-ಕೆಂಪು ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು (1918-1967) ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರು ಎಂದರೆ ನಿಮಗೆ ಅಚ್ಚರಿಯಾಗಬಹುದು. ಬೀದಿಯಲ್ಲಿ ಕನ್ನಡಕ್ಕಾಗಿ ಹೋರಾಡಿದವರು ಕಥೆ ಹೇಳಿ ಕನ್ನಡ ಓದಿಸುವ ಕೆಲಸವನ್ನೂ ಮಾಡಿದರು.

1965: ಮೂರು ಘಟನೆಗಳು

ಈಗ ಒಂದು ವರ್ಷವನ್ನು ಹಿಡಿದು ನೋಡೋಣ. 1965ರಲ್ಲಿ ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಪ್ರಕಟವಾಯಿತು. ನವ್ಯ ಸಾಹಿತ್ಯದ ಚರ್ಚೆ ಕಾಲೇಜುಗಳಲ್ಲಿ ಬಿಸಿಯೇರಿದ್ದ ಕಾಲ ಅದು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆಯಿತು. ಅದೇ ವರ್ಷ ದೂರದ ಸ್ವೀಡನ್ ದೇಶದಲ್ಲಿ ಮಾಯ್ ಶೊವಾಲ್ ಮತ್ತು ಪೆರ್ ವಾಲೂ ಎಂಬ ಜೋಡಿ ಲೇಖಕರ 'ರೋಸಾನ್ನ' ಎಂಬ ಕಾದಂಬರಿ ಹೊರಬಂದಿತು. ಕಾಲುವೆಯಲ್ಲಿ ಒಬ್ಬ ಹೆಣ್ಣುಮಗಳ ಶವ ಸಿಗುತ್ತದೆ. ಮಾರ್ಟಿನ್ ಬೆಕ್ ಎಂಬ ಪೊಲೀಸ್ ಅಧಿಕಾರಿ ತಿಂಗಳುಗಟ್ಟಲೆ ತಾಳ್ಮೆಯಿಂದ ಜಾಡು ಹಿಡಿಯುತ್ತಾನೆ.

ಈ ಇಬ್ಬರು 1965ರಿಂದ 1975ರವರೆಗೆ ಹತ್ತೇ ಕಾದಂಬರಿ ಬರೆದರು. ಅವರಿಗೆ ಕೊಲೆಗಾರನನ್ನು ಹಿಡಿಯುವುದಷ್ಟೇ ಗುರಿಯಲ್ಲ. ಎಲ್ಲರೂ ಸುಖವಾಗಿದ್ದಾರೆ ಎಂದು ಹೇಳಿಕೊಳ್ಳುವ ಸಮಾಜದಲ್ಲಿ ಯಾರು ಹಿಂದೆ ಬಿದ್ದಿದ್ದಾರೆ ಎಂದು ಕೇಳುವುದು ಅವರ ಉದ್ದೇಶವಾಗಿತ್ತು. 1991ರಲ್ಲಿ ಹೆನಿಂಗ್ ಮಾನ್ಕೆಲ್ (1948-2015) ವಾಲಾಂಡರ್ ಎಂಬ ಪೊಲೀಸ್ ಅಧಿಕಾರಿಯ ಮೊದಲ ಕಾದಂಬರಿ ಬರೆದು, ವಲಸೆ ಬಂದವರ ಮೇಲಿನ ದ್ವೇಷವನ್ನು ಅದರಲ್ಲಿ ಚರ್ಚಿಸಿದರು. ಪತ್ರಕರ್ತ ಸ್ಟೀಗ್ ಲಾರ್ಸನ್ 2004ರಲ್ಲಿ ತೀರಿಕೊಂಡರು. ಮರುವರ್ಷ ಪ್ರಕಟವಾದ ಅವರ ಕಾದಂಬರಿ ಹೆಣ್ಣಿನ ಮೇಲಿನ ಹಿಂಸೆಯನ್ನು ಲೋಕದ ಮುಂದಿಟ್ಟಿತು. ಅಪರಾಧ ಕಥೆಗಳಿಗೆ ಬಹುಮಾನ ಕೊಡುವ ಒಂದು ಅಕಾಡೆಮಿ ಸ್ವೀಡನ್ನಿನಲ್ಲಿ 1971ರಿಂದ ಇದೆ.

"ನೋಡಿ, ಅಲ್ಲಿ ಪತ್ತೇದಾರಿ ಕಥೆ ಎಷ್ಟು ಗಂಭೀರ, ನಮ್ಮಲ್ಲಿ ಎಷ್ಟು ಹಗುರ" ಎಂದು ಕೆಲವರು ಇಲ್ಲಿಗೇ ತೀರ್ಪು ಕೊಟ್ಟುಬಿಡುತ್ತಾರೆ. ಒಳ್ಳೆಯ ಪತ್ತೇದಾರ ಅಷ್ಟು ಬೇಗ ತೀರ್ಪು ಕೊಡುವುದಿಲ್ಲ. ಇನ್ನೊಂದು ಸಾಕ್ಷ್ಯ ನೋಡಿ. ಸ್ವೀಡನ್ನಿನಲ್ಲಿ ಊರೂರಿಗೂ ಪ್ರಾಥಮಿಕ ಶಾಲೆ ಇರಬೇಕೆಂಬ ಕಾನೂನು ಬಂದದ್ದು 1842ರಲ್ಲಿ. ಮಾರ್ಟಿನ್ ಬೆಕ್ ಹುಟ್ಟುವ ಹೊತ್ತಿಗೆ ಅಲ್ಲಿ ಎಲ್ಲರೂ ಓದಬಲ್ಲವರಾಗಿದ್ದರು. ಹಾಗಾಗಿ ಲೇಖಕ, ಓದಬಲ್ಲವನನ್ನು ಯೋಚಿಸುವಂತೆ ಮಾಡಿದರೆ ಸಾಕಾಗಿತ್ತು. ಪುರುಷೋತ್ತಮ ಹುಟ್ಟಿದ ನಾಡಿನಲ್ಲಿ ಆರರಲ್ಲಿ ಐವರಿಗೆ ಅಕ್ಷರವೇ ಬರುತ್ತಿರಲಿಲ್ಲ. ಇಲ್ಲಿ ಲೇಖಕ ಮೊದಲು ಓದುಗನನ್ನೇ ಹುಟ್ಟಿಸಬೇಕಿತ್ತು. ಒಂದೇ ಬಗೆಯ ಸಾಹಿತ್ಯ ಎರಡು ಸಮಾಜಗಳಲ್ಲಿ ಎರಡು ಬೇರೆ ಕೆಲಸ ಮಾಡಿತು. ಇದು ಈ ಪಾಠದ ಮುಖ್ಯ ಅಂಶ, ಗುರುತು ಹಾಕಿಕೊಳ್ಳಿ.

ಗೌರವ ಮತ್ತು ಮರೆವು

ನಮ್ಮ ಲೇಖಕರಲ್ಲಿ ಕೊರತೆಗಳಿರಲಿಲ್ಲವೇ? ಇದ್ದವು. ಐನೂರು ಕಾದಂಬರಿಗಳೂ ಒಂದೇ ಮಟ್ಟದಲ್ಲಿರಲು ಸಾಧ್ಯವಿಲ್ಲ. ವೇಗವಾಗಿ ಬರೆಯುವಾಗ ಪಾತ್ರಗಳು ಅಚ್ಚಿನಲ್ಲಿ ಎರಕ ಹೊಯ್ದಂತೆ ಆಗುತ್ತವೆ, ಕಾಕತಾಳೀಯಗಳು ಹೆಚ್ಚುತ್ತವೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ವೇಗಕ್ಕೆ ಕಾರಣವೂ ಇತ್ತು. ಜನಪ್ರಿಯ ಕಾದಂಬರಿಗಳ ಮಾರುಕಟ್ಟೆಯಲ್ಲಿ, ಒಂದೇ ಸಲ ಒಂದಿಷ್ಟು ಹಣ ಕೊಟ್ಟು ಹಸ್ತಪ್ರತಿ ಕೊಂಡುಬಿಡುವ ಪದ್ಧತಿ ಇತ್ತು. ಹಾಗೆ ಕೊಟ್ಟವರಿಗೆ, ಪುಸ್ತಕ ಎಷ್ಟು ಸಲ ಅಚ್ಚಾದರೂ ಮತ್ತೆ ಕಾಸು ಬರುವುದಿಲ್ಲ. ಬರವಣಿಗೆಯನ್ನೇ ನಂಬಿದವನು ಮುಂದಿನ ತಿಂಗಳ ಅಕ್ಕಿಗೆ ಮುಂದಿನ ಕಾದಂಬರಿ ಬರೆಯಲೇಬೇಕು.

ಮನೆಯಲ್ಲಿ, ಶಾಲೆಯಲ್ಲಿ ಹಿರಿಯರು ಈ ಪುಸ್ತಕಗಳನ್ನು ಒಪ್ಪುತ್ತಿರಲಿಲ್ಲ. ಮಕ್ಕಳು ಪಠ್ಯಪುಸ್ತಕದ ನಡುವೆ ಪುರುಷೋತ್ತಮನನ್ನು ಬಚ್ಚಿಟ್ಟು ಓದಿದರು. ಸಾಹಿತ್ಯ ಚರಿತ್ರೆ ಬರೆದವರೂ ಬಹುಪಾಲು ಇವರಿಗೆ ಒಂದೆರಡು ಸಾಲಿಗಿಂತ ಹೆಚ್ಚು ಜಾಗ ಕೊಡಲಿಲ್ಲ. ಆದರೆ ಹೀಗೆ ಬಚ್ಚಿಟ್ಟು ಓದಿದವರಲ್ಲಿ ಎಷ್ಟೋ ಮಂದಿ ಮುಂದೆ ಕುವೆಂಪು, ಕಾರಂತ, ತ್ರಿವೇಣಿಯವರ ಪುಸ್ತಕಗಳನ್ನು ಕೈಗೆತ್ತಿಕೊಂಡರು. ನಾನು ಕನ್ನಡ ಓದಲು ಕಲಿತದ್ದೇ ನರಸಿಂಹಯ್ಯನವರಿಂದ ಎಂದು ಹೇಳುವ ಹಿರಿಯರು ನಮ್ಮ ನಡುವೆ ಇಂದಿಗೂ ಇದ್ದಾರೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಒಬ್ಬರು ಒಂದು ನಾಡಿಗೆ ಓದಿನ ಮೇಷ್ಟರಾದರು.

ನಿಮಗೊಂದು ಪತ್ತೇದಾರಿ ಕೆಲಸ

ಈಗ ನಿಜವಾದ ಅಪಾಯದ ಮಾತು. ಈ ಕಾದಂಬರಿಗಳು ಅಗ್ಗದ ಕಾಗದದ ಮೇಲೆ ಅಚ್ಚಾದವು. ಕೈಯಿಂದ ಕೈಗೆ ದಾಟಿ ಸವೆದವು. ಬಾಡಿಗೆ ಲೈಬ್ರರಿಗಳು ಮುಚ್ಚಿದಾಗ ರದ್ದಿಯವನ ತಕ್ಕಡಿಗೆ ಬಿದ್ದವು. 1954ರ ಕಾನೂನಿನಂತೆ ಪ್ರಕಾಶಕರು ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು ಎಂದಿದೆ. ಆದರೆ ಜನ ಓದಿದ ಬಗೆಯನ್ನು ತಿಳಿಯಲು ಜನರ ಕೈಯಲ್ಲಿ ಓಡಾಡಿದ ಪ್ರತಿಗಳೇ ಬೇಕು. ಸಾಕ್ಷ್ಯ ನಾಶವಾದರೆ ಎಂಥ ಪತ್ತೇದಾರನೂ ಕೈಚೆಲ್ಲಿ ಕೂರಬೇಕಾಗುತ್ತದೆ.

ಆದ್ದರಿಂದ ಈ ರಜೆಯಲ್ಲಿ ಹೀಗೆ ಮಾಡಿ. ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೋ, ನೆಂಟರ ಮನೆಯ ಅಟ್ಟಕ್ಕೋ, ಹಳೆಯ ಪುಸ್ತಕದ ಅಂಗಡಿಗೋ ಹೋಗಿ. ಹಳೆಯ ಪತ್ತೇದಾರಿ ಕಾದಂಬರಿಯೊಂದು ಸಿಕ್ಕರೆ ಪ್ರಕಾಶಕರ ಹೆಸರು, ಅಚ್ಚಾದ ವರ್ಷ, ಬೆಲೆಗಳನ್ನು ಬರೆದುಕೊಳ್ಳಿ. ಒಳರಕ್ಷೆಯಲ್ಲಿ ಲೈಬ್ರರಿಯ ಮೊಹರು, ವಾಪಸು ಮಾಡಿದ ತಾರೀಖುಗಳು ಇದ್ದರೆ ಎಣಿಸಿ. ಒಂದು ಪುಸ್ತಕ ಎಷ್ಟು ಮನೆಗಳಿಗೆ ಹೋಗಿ ಬಂದಿತು ಎಂಬುದು ಅಲ್ಲಿ ಗೊತ್ತಾಗುತ್ತದೆ. ಆಮೇಲೆ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಕೇಳಿ: ನೀವು ಪೂರ್ತಿಯಾಗಿ ಓದಿ ಮುಗಿಸಿದ ಮೊದಲ ಪುಸ್ತಕ ಯಾವುದು? ಎಲ್ಲಿಂದ ತಂದಿರಿ? ಯಾರಿಗೆ ಹೆದರಿ ಬಚ್ಚಿಟ್ಟಿರಿ?

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ತಾರೀಖು ಹಾಕಿ. ಓದುಗರ ಚರಿತ್ರೆ ಬರೆಯಹೊರಟವನಿಗೆ ನಾಳೆ ಆ ಒಂದು ಪುಟವೇ ಬೇಕಾಗಬಹುದು.