ಕೊಡೆಯಾಲ ಮಕ್ಕೊಗೆ ಅಕ್ಕೋ?

ಬೆಂಗ್ಳೂರಿಂದ, ಪುಣೆಂದ, ದುಬಾಯಿಂದ ಬಪ್ಪ ಫೋನುಗಳಲ್ಲಿ ಈಗ ಒಂದು ಪ್ರಶ್ನೆ ತಪ್ಪುತ್ತೇ ಇಲ್ಲೆ. “ಅತ್ತೇ, ಮಕ್ಕೊ ಸಣ್ಣ ಇದ್ದವು. ಕೊಡೆಯಾಲಲ್ಲಿ ಮನೆ ಮಾಡಿರೆ ಹೇಂಗಕ್ಕು?” ಕೇಳುದು ಹೆಚ್ಚಾಗಿ ಅಬ್ಬೆಕ್ಕೊ. ಅಪ್ಪಂದ್ರು ಕೇಳುದು ಫ್ಲೇಟಿನ ರೇಟು. ಅಬ್ಬೆಕ್ಕೊ ಕೇಳುದು ಶಾಲೆ ಎಷ್ಟು ದೂರ, ಇರುಳು ಜ್ವರ ಬಂದರೆ ಡಾಕ್ಟ್ರು ಸಿಕ್ಕುಗೋ, ನೀರು ಇದ್ದೋ, ಹೊತ್ತೋಪಗ ಮಕ್ಕೊಗೆ ಆಡ್ಲೆ ಜಾಗೆ ಇದ್ದೋ ಹೇಳಿ.

ಇದು ಹೊಸ ಪ್ರಶ್ನೆ ಹೇಳಿ ಕಾಂಗು. ಆದರೆ ನಮ್ಮ ಕಡೆಯ ಮನೆಗಳಲ್ಲಿ ಈ ಲೆಕ್ಕ ಸುರುವಾಗಿ ನೂರು ವರ್ಷಂದ ಹೆಚ್ಚಾತು. ಅಂದು ಕುಂಬಳೆ, ವಿಟ್ಲ, ಪುತ್ತೂರು, ಸುಳ್ಯ ಹೊಡೆಯ ತೋಟದ ಮನೆಗಳ ಜಗಲಿಲಿ ಕೂದು, ಮಕ್ಕಳ ಕೊಡೆಯಾಲಕ್ಕೆ ಕಳುಸೆಕ್ಕೋ ಬೇಡದೋ ಹೇಳಿ ಮಾತಾಡಿದವು. ಈಗ ದೊಡ್ಡ ಪೇಟೆಂದ ಸಣ್ಣ ಪೇಟೆಗೆ ಬಪ್ಪ ವಿಷಯ ವಾಟ್ಸಾಪಿಲಿ ಮಾತಾಡ್ತವು. ಅಂದ್ರಾಣವು ಎಂತ ನೋಡಿ ಬಂದವು, ಅದಕ್ಕೆ ಆರು ಎಷ್ಟು ಬೆಲೆ ಕೊಟ್ಟವು ಹೇಳಿ ಗೊಂತಿದ್ದರೆ ಈಗ ಕೇಳುವವಕ್ಕೆ ರಜ ಉಪಕಾರ ಅಕ್ಕು.

1901ರ ಜನಗಣತಿಲಿ ಕೊಡೆಯಾಲದ ಜನಸಂಖ್ಯೆ 44,108. ಈಗಾಣ ಪುತ್ತೂರು ಪೇಟೆಂದಲೂ ಕಮ್ಮಿ. ಅಷ್ಟು ಸಣ್ಣ ಊರಿಲಿ ಇತ್ತಿದ್ದ ಶಾಲೆಗಳ ನೋಡಿ. ಬಾಸೆಲ್ ಮಿಷನಿನವು 1834ರಲ್ಲಿ ಬಂದು, ರಜ ಸಮಯಲ್ಲೇ ಶಾಲೆ ಸುರು ಮಾಡಿದವು. 1868ರಲ್ಲಿ ಸರಕಾರಿ ಕಾಲೇಜು, ಹೇಳಿರೆ ಈಗ ಹಂಪನಕಟ್ಟೆಲಿಪ್ಪ ಯೂನಿವರ್ಸಿಟಿ ಕಾಲೇಜು. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲಿನ ಸಿಸ್ಟರುಗೊ ಬಂದು ಕೂಸುಗೊಕ್ಕೆ ಕಲಿಶಲೆ ಸುರು ಮಾಡಿದವು. 1880ರಲ್ಲಿ ಜೆಸ್ವಿಟ್ ಪಾದ್ರಿಗಳ ಸೈಂಟ್ ಅಲೋಶಿಯಸ್. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹೈಸ್ಕೂಲು, ಮೂರು ವರ್ಷ ಕಳುದಪ್ಪಗ ಅವರದ್ದೇ ಕೂಸುಗಳ ಶಾಲೆ. 1918ರಲ್ಲಿ ಬೆಸೆಂಟ್ ಶಾಲೆ, 1921ರಲ್ಲಿ ಹೆಮ್ಮಕ್ಕೊಗೆ ಹೇಳಿಯೇ ಸೈಂಟ್ ಆಗ್ನೆಸ್ ಕಾಲೇಜು. ಮಕ್ಕಳ ಪದ್ಯ ಬರದ ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರಲ್ಲಿ ಬಂಟ್ವಾಳಲ್ಲಿ. ಅವುದೇ ಕಲಿವಲೆ ಬಂದದು ಕೊಡೆಯಾಲಕ್ಕೆ. ಮತ್ತೆ ಮಾಷ್ಟ್ರಾದವು, ಶಾಲೆಗಳ ಇನ್ಸ್‌ಪೆಕ್ಟರ್ ಆದವು. ಕನ್ನಡಲ್ಲಿ ಮಕ್ಕೊಗೆ ಹೇಳಿ ಬೇರೆಯೇ ಬರೆಕ್ಕು ಹೇಳುವ ಬುದ್ಧಿ ಬೆಳದ ಜಾಗೆಗಳಲ್ಲಿ ಈ ಪೇಟೆದೇ ಒಂದು. ಇದರ ಎಂಗೊ ಕೊಡೆಯಾಲದವು ರಜ ಜಂಬಲ್ಲೇ ಹೇಳುದು.

ಆದರೆ ಏವ ಮಕ್ಕೊಗೆ? ದಲಿತ ಮಕ್ಕೊಗೆ ಹೆಚ್ಚಿನ ಶಾಲೆಗಳ ಬಾಗಿಲು ಅಂಬಗ ಮುಚ್ಚಿಯೇ ಇತ್ತು. ಕುದ್ಮುಲ್ ರಂಗರಾಯರು 1890ರ ದಶಕಲ್ಲಿ ಅವಕ್ಕೆ ಹೇಳಿ ಶಾಲೆ ಮಾಡಿದವು. ಅದಕ್ಕಾಗಿ ಅವರ ಸ್ವಂತ ಜಾತಿಯವೇ ಅವರ ದೂರ ಮಡಗಿದವು. “ಕೊಡೆಯಾಲ ಅಂದಿಂದಲೇ ವಿದ್ಯೆಯ ಊರು” ಹೇಳಿ ಭಾಷಣ ಮಾಡುವಗ ಇದರನ್ನೂ ಸೇರ್ಸಿಯೇ ಹೇಳೆಕ್ಕು. ನಮ್ಮ ಅಜ್ಜಂದ್ರ ಹಾಂಗಿಪ್ಪವಕ್ಕೆ ಸುಲಾಭಲ್ಲಿ ಸಿಕ್ಕಿದ ಬೆಂಚು ಎಲ್ಲೋರಿಂಗೂ ಸಿಕ್ಕಿದ್ದಲ್ಲ.

ಶಾಲೆ ಇದ್ದರೆ ಸಾಕೋ? ಅಲ್ಲಿಗೆ ಎತ್ತೆಕ್ಕನ್ನೆ. ಕುಂಬಳೆ ಹೊಡೆಂದ ಬಪ್ಪವಕ್ಕೆ ಹೊಳೆ ಮೇಲೆ ಹೊಳೆ, ಅಕೇರಿಗೆ ಉಳ್ಳಾಲಲ್ಲಿ ನೇತ್ರಾವತಿ. 1907ರಲ್ಲಿ ರೈಲು ನೇತ್ರಾವತಿಯ ಸಂಕ ದಾಂಟಿ ಕೊಡೆಯಾಲಕ್ಕೆ ಬಂತು. ಮತ್ತೆ ಕುಂಬಳೆ, ಉಪ್ಪಳ, ಮಂಜೇಶ್ವರದ ಮಾಣಿಯಂಗೊ ಉದಿಯಪ್ಪಗ ರೈಲು ಹತ್ತಿ, ಹೊತ್ತೋಪಗ ಮನೆಗೆ ಎತ್ತುಲೆ ಎಡಿಗು ಹೇಳಿ ಆತು. 1914ರಲ್ಲಿ ಸಿ.ಪಿ.ಸಿ. ಕಂಪೆನಿ ಬಸ್ಸು ಸುರು ಮಾಡಿತ್ತು. ಪುತ್ತೂರು ಹೊಡೆಣವಕ್ಕೆ ರೈಲಿನ ಭಾಗ್ಯ ಬಪ್ಪಗ ಸುಮಾರು ತಡವಾತು. ಹಾಸನದ ವರೆಗಾಣ ದಾರಿ ಪೂರ್ತಿ ಆದ್ದು 1979ರಲ್ಲಿ. ಅಲ್ಲಿಯವರೆಗೆ ಬಸ್ಸೇ ಗತಿ, ಇಲ್ಲದ್ರೆ ಬಿಡಾರ.

ಈ ಬಿಡಾರದ ವಿಷಯವೇ ಎನಗೆ ಮುಖ್ಯ ಹೇಳಿ ಕಾಂಬದು. ಶಾಲೆಗಳ ನೂರು ವರ್ಷದ ಸ್ಮರಣ ಸಂಚಿಕೆಗಳ ತೆಗದು ನೋಡಿ. ಹೆಡ್ ಮಾಷ್ಟ್ರುಗಳ ಪಟ ಇದ್ದು, ಕಟ್ಟಡಕ್ಕೆ ಪೈಸೆ ಕೊಟ್ಟವರ ಹೆಸರಿದ್ದು. ಕೊಡಿಯಾಲಬೈಲು, ಮಣ್ಣಗುಡ್ಡೆ, ಬಿಜೈ, ಕದ್ರಿಯ ಹಂಚಿನ ಮನೆಗಳ ಅರ್ಧ ಭಾಗ ಬಾಡಿಗೆಗೆ ಹಿಡುದು, ನಾಕೈದು ಮಕ್ಕೊಗೆ ಅಡಿಗೆ ಮಾಡಿ ಬಳುಸಿದ ಹೆಮ್ಮಕ್ಕಳ ಹೆಸರು ಅದರಲ್ಲಿಲ್ಲೆ. ತೋಟವ ಬಿಟ್ಟಿಕ್ಕಿ ಬಪ್ಪಲೆ ಅಪ್ಪಂಗೆ ಎಡಿಯ. ಹಾಂಗಾಗಿ ಅಬ್ಬೆ ಮಕ್ಕಳ ಕಟ್ಟಿಗೊಂಡು ಪೇಟೆಲಿ, ಅಪ್ಪ ಊರಿಲಿ. ತನ್ನ ಮಕ್ಕೊ ಮಾಂತ್ರ ಅಲ್ಲ, ಭಾವನ ಮಕ್ಕೊ, ಅತ್ತಿಗೆಯ ಮಕ್ಕೊ, ಗುರ್ತದ ಮನೆಯ ಒಬ್ಬ ಮಾಣಿ, ಎಲ್ಲೋರು ಅದೇ ಎರಡು ಕೋಣೆಲಿ. ಶೆನಿವಾರದ ಬಸ್ಸಿಲಿ ಊರಿಂದ ಅಕ್ಕಿ, ತೆಂಗಿನಕಾಯಿ, ಬಾಳೆಕಾಯಿ, ಉಪ್ಪಿನಕಾಯಿ ಭರಣಿ.

ಎಂಗಳ ಕುಟುಂಬಲ್ಲಿದೇ ಅಜ್ಜಿ ಹೀಂಗೇ ಸುಮಾರು ವರ್ಷ ಬಿಡಾರ ಮಾಡಿತ್ತಿದ್ದವು. ಬಾಡಿಗೆ ಕೊಡುದು ಅವಕ್ಕೆ ಬೇಜಾರಿನ ವಿಷಯ ಅಲ್ಲ. ಹಾಲು ಪೈಸೆ ಕೊಟ್ಟು ತೆಕ್ಕೊಂಬದು ದೊಡ್ಡ ಬೇಜಾರು. ಬೇನ್ಸೊಪ್ಪಿಂಗುದೇ ಪೈಸೆ ಕೊಡೆಕ್ಕು ಹೇಳಿ ಅಪ್ಪಗ ಮರ್ಯಾದಿಯೇ ಹೋದ ಹಾಂಗೆ ಆಯಿದಡ. ಬಾವಿ ನಾಕು ಮನೆಗೆ ಒಂದೇ, ಉದಿಯಪ್ಪಗ ಕೊಡಪಾನ ಹಿಡ್ಕೊಂಡು ಕಾಯೆಕ್ಕು. ಮಡಿ, ಮೈಲಿಗೆ ಹೇಳಿ ಊರಿಲಿ ಮಾಡಿದ ಹಾಂಗೆ ಮಾಡ್ಲೆ ಎಡಿಯ.

ಆದರೆ ಅದೇ ಅಜ್ಜಿ ಅಲ್ಲಿಯೇ ಕೊಂಕಣಿ ಕಲ್ತವು, ಆಚಿಕರೆಯ ಬಾಯಮ್ಮನತ್ರೆ ಹೊಲಿಗೆ ಕಲ್ತವು, ವಾರಪತ್ರಿಕೆ ಓದುಲೆ ಸುರು ಮಾಡಿದವು. ಮಕ್ಕೊಗೆ ಮಾರ್ಗಲ್ಲಿ ತುಳು, ಶಾಲೆಲಿ ಕನ್ನಡ, ಇಂಗ್ಲೀಷು, ಮನೆ ಒಳ ನಮ್ಮ ಭಾಷೆ. ಆರೂ ಕಲಿಶದ್ದೆ ನಾಕು ಭಾಷೆ. ಅಕೇರಿಯ ಮಾಣಿಯ ಪರೀಕ್ಷೆ ಮುಗುದು ಊರಿಂಗೆ ಹೋಪಲೆ ಅಪ್ಪಗ ಅಜ್ಜಿಗೆ ಅಷ್ಟು ಕೊಶಿ ಇತ್ತಿಲ್ಲೆಡ. ಇದರ ಅಜ್ಜನ ಎದುರು ಆರೂ ಹೇಳಿದ್ದವಿಲ್ಲೆ.

ಅಂಬಗ ಅಜ್ಜನ ಲೆಕ್ಕಲ್ಲಿ ಕೊಡೆಯಾಲ ಮಕ್ಕೊಗೆ ಆದ್ದು ಶಾಲೆ ಇದ್ದು ಹೇಳಿ. ಅಜ್ಜಿಯ ಲೆಕ್ಕಲ್ಲಿ ಆದ್ದು ಎಲ್ಲಾ ನೆಡದು ಹೋಪಷ್ಟು ಹತ್ತರೆ ಇದ್ದು, ಕರೆದರೆ ಓಯಿ ಹೇಳುವಷ್ಟು ಹತ್ತರೆ ಜೆನ ಇದ್ದವು ಹೇಳಿ. ಅಜ್ಜಿಯ ಲೆಕ್ಕವೇ ಸರಿ ಹೇಳಿ ಎನಗೆ ಕಾಣ್ತು. ಶಾಲೆ ಬೆಂಗ್ಳೂರಿಲಿಯೂ ಇದ್ದು.

ಡಾಕ್ಟ್ರ ವಿಷಯಕ್ಕೆ ಬಪ್ಪೊ. ಕೊಡೆಯಾಲದ ಆಸ್ಪತ್ರೆಗೊ ಶಾಲೆಗಳಷ್ಟೇ ಹಳತ್ತು. ವೆನ್ಲಾಕ್ ಈಸ್ಟ್ ಇಂಡಿಯಾ ಕಂಪೆನಿಯ ಕಾಲದ್ದು. ಕಂಕನಾಡಿಲಿ ಫಾದರ್ ಮುಲ್ಲರ್ ಹೋಮಿಯೋಪತಿ ಮದ್ದು ಕೊಡ್ಲೆ ಸುರು ಮಾಡಿದ್ದು 1880ರಲ್ಲಿ. ಲೇಡಿಗೋಷನ್ ಹೇಳಿರೆ ಮದ್ರಾಸಿನ ಗವರ್ನರನ ಹೆಂಡತಿಯ ಹೆಸರು ಹೇಳಿ ಈಗ ಎಷ್ಟು ಜೆನಕ್ಕೆ ಗೊಂತಿದ್ದು? ನಮ್ಮಲ್ಲಿ ಅದು ಹೆರಿಗೆ ಆಸ್ಪತ್ರೆಯ ಇನ್ನೊಂದು ಹೆಸರು, ಅಷ್ಟೇ. 1950ರ ದಶಕಲ್ಲಿ ಟಿ.ಎಂ.ಎ. ಪೈಗಳ ಮೆಡಿಕಲ್ ಕಾಲೇಜು ಬಂದು, ಅಲ್ಯಾಣ ಮಕ್ಕೊ ವೆನ್ಲಾಕಿಲಿಯೇ ಕೆಲಸ ಕಲಿವಲೆ ಸುರು ಮಾಡಿದವು. ಮತ್ತಾಣದ್ದು ಎಲ್ಲೋರಿಂಗೂ ಗೊಂತಿದ್ದು, ಒಂದು ಮಾರ್ಗಲ್ಲಿ ಎರಡು ಆಸ್ಪತ್ರೆ.

ಇದರಲ್ಲಿ ಒಂದು ತೆರ್ಕು ಇದ್ದು. ಕಾಸರಗೋಡು ತಾಲೂಕು ಮದಲು ದಕ್ಷಿಣ ಕನ್ನಡ ಜಿಲ್ಲೆಯೇ. 1956 ನವೆಂಬರ್ 1ಕ್ಕೆ ಅದು ಕೇರಳಕ್ಕೆ ಹೋತು. ಕಾಗತಲ್ಲಿ ಹೋತು, ಜ್ವರ ಬಂದ ಮಕ್ಕಳ ಹಿಡ್ಕೊಂಡು ಓಡುದು ಮತ್ತೂ ಕೊಡೆಯಾಲಕ್ಕೇ. ಅರುವತ್ತು ವರ್ಷಕ್ಕೂ ಹೆಚ್ಚು ಆ ಗೆರೆ ಆರ ಕಣ್ಣಿಂಗೂ ಕಂಡಿದಿಲ್ಲೆ. 2020 ಮಾರ್ಚಿಲಿ ಕೊರೊನಕ್ಕೆ ಹೇಳಿ ಕರ್ನಾಟಕ ಸರಕಾರ ತಲಪಾಡಿಲಿ ದಾರಿ ಮುಚ್ಚಿತ್ತು, ಒಳದಾರಿಗೊಕ್ಕೆ ಮಣ್ಣು ತಂದು ಹಾಕಿದವು, ಆಂಬುಲೆನ್ಸು ಸಾನ ನಿಂದತ್ತು. ದಾರಿ ಸಿಕ್ಕದ್ದೆ ಜೆನ ತೀರಿಹೋದವು. ವಿಷಯ ಕೇರಳ ಹೈಕೋರ್ಟಿಂಗೆ, ಸುಪ್ರೀಂ ಕೋರ್ಟಿಂಗೆ ಹೋಗಿ, ಎಪ್ರಿಲಿಲಿ ರೋಗಿಗೊಕ್ಕೆ ದಾರಿ ಆತು. ಕುಂಬಳೆ, ಬದಿಯಡ್ಕ ಹೊಡೆಲಿ ಬಸರಿ ಹೆಮ್ಮಕ್ಕೊ ಇಪ್ಪ ಮನೆಯವು ಆ ಎರಡು ವಾರ ಹೇಂಗೆ ಕಳುದವು ಹೇಳಿ ಕೇಳಿ ನೋಡಿ. “ಕೊಡೆಯಾಲ ಹತ್ತರೆ ಇದ್ದನ್ನೆ” ಹೇಳಿ ಗಡಿಯ ಆಚಿಕೆ ಜಾಗೆ ತೆಗದು ಮನೆ ಕಟ್ಟುಲೆ ಹೆರಟವು ಇದರ ಮರವಲಾಗ.

ಊರಿನ ಕೊರತ್ತೆಗಳನ್ನೂ ಹೇಳೆಕ್ಕು, ಹೊಗಳಿಯೇ ಕರಕ್ಕೊಂಡು ಬಂದು ಮತ್ತೆ ಬೈಗಳು ತಿಂಬಲೆ ಎನಗೆ ಮನಸ್ಸಿಲ್ಲೆ. ವರ್ಷಕ್ಕೆ 3,500 ಮಿಲಿಮೀಟರಿಂದ ಹೆಚ್ಚು ಮಳೆ ಬಪ್ಪ ಊರಿಲಿ ಬೇಸಗೆಲಿ ನೀರಿಲ್ಲೆ ಹೇಳಿರೆ ಹೆರಾಣವು ನಂಬವು. ಪೇಟೆಯ ನೀರು ಬಪ್ಪದು ತುಂಬೆಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿಂದ. 2016ರಲ್ಲಿಯೂ 2019ರಲ್ಲಿಯೂ ಅಲ್ಲಿ ನೀರು ಇಳುದು, ಮೇ ತಿಂಗಳಿಲಿ ಪಾಳಿಲಿ ನೀರು ಬಿಟ್ಟವು. 2018 ಮೇ 29ಕ್ಕೆ ಇದರ ಉಲ್ಟ, ಒಂದೇ ದಿನದ ಮಳೆಗೆ ಮಾರ್ಗ ಪೂರ ಹೊಳೆ ಆಗಿ, ಮನೆ ಒಳ ನೀರು ನುಗ್ಗಿತ್ತು. ಗೆದ್ದೆ, ತೋಡು ಎಲ್ಲಾ ಮುಚ್ಚಿ ಫ್ಲೇಟು ಕಟ್ಟಿರೆ ನೀರು ಎಲ್ಲಿಗೆ ಹೋಯೆಕ್ಕು? ಕೊಡಿಯಾಲಬೈಲು ಹೇಳುವ ಹೆಸರಿಲೇ ಬೈಲು ಇದ್ದನ್ನೆ.

ಆ ಕಟ್ಟಡಗಳ ಕೆಲಸಲ್ಲಿ ನೀರು ನಿಂದು ನಿಂದು ಮಲೇರಿಯಾದೇ ಬೆಳದತ್ತು. 1990ರ ದಶಕಂದ ಮತ್ತೆ ಸುಮಾರು ವರ್ಷ, ಕರ್ನಾಟಕದ ಮಲೇರಿಯಾ ಹೇಳಿರೆ ಕೊಡೆಯಾಲ ಹೇಳುವ ಹಾಂಗೆ ಇತ್ತು. ಈಗ ತುಂಬ ಕಮ್ಮಿ ಆಯಿದು, ಆದರೂ ಮಳೆಗಾಲಲ್ಲಿ ಮಕ್ಕೊಗೆ ಜ್ವರ ಬಂದರೆ ಮದಾಲು ರಕ್ತ ಪರೀಕ್ಷೆ ಮಾಡ್ಸುವ ಅಭ್ಯಾಸ ಇಲ್ಯಾಣ ಅಬ್ಬೆಕ್ಕೊಗೆ ಬಿಟ್ಟಿದಿಲ್ಲೆ. ಹೊಸತ್ತಾಗಿ ಬಪ್ಪವು ಇದರ ಸುರುವಿಂಗೇ ಕಲಿಯೆಕ್ಕು.

ಇನ್ನೊಂದು ಕೂಸುಗಳ ಸಾಂಕುವವರ ಪ್ರಶ್ನೆ. ಸಣ್ಣ ಪೇಟೆಲಿ ಎಲ್ಲೋರಿಂಗೂ ಎಲ್ಲೋರ ಗುರ್ತ ಇದ್ದು. ಆರು ವರ್ಷದ ಕೂಸು ದಾರಿ ತಪ್ಪಿರೆ ಆರಾದರೂ ಮನೆಗೆ ಬಿಡುಗು. ಅದೇ ಕೂಸಿಂಗೆ ಹದಿನೆಂಟು ಅಪ್ಪಗ ಅದೇ ಕಣ್ಣುಗೊ ಬೇರೆ ರೀತಿ ನೋಡ್ತವು. 2009 ಜನವರಿಲಿ ಇಲ್ಯಾಣ ಒಂದು ಪಬ್ಬಿಲಿ ಕೂಸುಗೊಕ್ಕೆ ಬಡುದ್ದರ ದೇಶ ಇಡೀ ಟಿ.ವಿ.ಲಿ ನೋಡಿದ್ದು. 2019 ದಶಂಬ್ರಲ್ಲಿ ಗೋಲಿಬಾರ್ ಆಗಿ ಕರ್ಫ್ಯೂ. ಅಂತ ದಿನಂಗೊ ವರ್ಷಲ್ಲಿ ಹೆಚ್ಚಿಲ್ಲೆ, ಆದರೆ ಅವು ಇಲ್ಲದ್ದ ಹಾಂಗೆ ಮಾಡಿಗೊಂಡು ಮಕ್ಕಳ ಬೆಳೆಶುಲೆ ಎಡಿಯ. ಬ್ಯಾರಿ ಮನೆಯ ಮಕ್ಕಳೊಟ್ಟಿಂಗೆ, ಕ್ರಿಶ್ಚಿಯನ್ ಮನೆಯ ಮಕ್ಕಳೊಟ್ಟಿಂಗೆ ಒಂದೇ ಜಾಲಿಲಿ ಆಡಿದ ಅಜ್ಜಿಯ ಬಿಡಾರದ ನಮೂನೆಯ ವಠಾರ ಈಗ ಹುಡ್ಕೆಕ್ಕಷ್ಟೆ. ಮನೆ ನೋಡುವಗ ಎನ್ನ ಮಟ್ಟಿಂಗೆ ಇದುದೇ ನೋಡೆಕ್ಕಾದ ಒಂದು ವಿಷಯ.

ಮಕ್ಕೊ ದೊಡ್ಡಾದ ಮತ್ತೆ ಎಂತ? ಇದಕ್ಕೆ ಇತಿಹಾಸಲ್ಲಿಯೇ ಉತ್ತರ ಇದ್ದು. 1906ರಲ್ಲಿ ಕೆನರಾ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದ್ದು ಈ ಪೇಟೆಲಿ. ಇಲ್ಲಿ ಕಲ್ತ ಮಾಣಿಯಂಗೊ ಆ ಬ್ಯಾಂಕುಗಳಲ್ಲೇ ಕೆಲಸಕ್ಕೆ ಸೇರಿ, ಟ್ರಾನ್ಸ್‌ಫರ್ ಆಗಿ ಇಡೀ ದೇಶಕ್ಕೆ ಹೋದವು. ಕೆಲವು ಬ್ಯಾಂಕುಗಳೇ ಹೋದವು. ಸುರತ್ಕಲ್ಲಿಲಿ 1960ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು, ಅಲ್ಲಿಂದ ಹೆರಟವು ಇನ್ನೂ ದೂರ ಹೋದವು. ಮಕ್ಕಳ ಸಾಂಕಿ ಕಳುಸುದು ಈ ಊರಿಂಗೆ ಅಭ್ಯಾಸ ಆಯಿದು. ಪಿಯುಸಿ ವರೆಗೆ ಕೊಡೆಯಾಲ ಒಳ್ಳೆದು. ಮತ್ತೆಯೂ ಮಕ್ಕೊ ಹತ್ತರೆ ಬೇಕು ಹೇಳುವವಕ್ಕೆ ಎನ್ನತ್ರೆ ಧೈರ್ಯದ ಮಾತಿಲ್ಲೆ.

ಇನ್ನು ನೋಡ್ಲೆ ಬಪ್ಪವಕ್ಕೆ. ದಶಂಬ್ರಲ್ಲಿ ಬರೆಡಿ. ಅಂಬಗ ಪಣಂಬೂರಿಲಿ ಗಾಳಿ, ಪಿಲಿಕುಳಲ್ಲಿ ಹುಲಿ, ಕದ್ರಿ ಪಾರ್ಕಿಲಿ ಹೂಗು, ಎಲ್ಲಾ ಚೆಂದ ಕಾಂಗು. ಒಂದರಿ ಮೇ ತಿಂಗಳ ನಡುಕೆ ಬನ್ನಿ, ಒಂದರಿ ಜುಲಾಯಿಲಿ ಶಾಲೆ ಬಿಡುವ ಹೊತ್ತಿಂಗೆ ಬನ್ನಿ. ಮನೆಂದ ಶಾಲೆಗೆ ಒಂದರಿ ಕೊಡೆ ಹಿಡ್ಕೊಂಡು ನೆಡದು ನೋಡಿ. ಬಾವಿ ಇದ್ದೋ, ಇದ್ದರೆ ಬೇಸಗೆಲಿ ಬತ್ತುತ್ತೋ ಹೇಳಿ ಬಾಡಿಗೆಗೆ ಕೊಡುವವರತ್ರೆ ಅಲ್ಲ, ಆಚಿಕರೆಯ ಹೆಮ್ಮಕ್ಕಳತ್ರೆ ಕೇಳಿ.