ಚೌಡರಿಗೆ ಹಾಲು ಬಂದದ್ದು ಯಾವಾಗ?

ಹೋಟೆಲಿನಲ್ಲಿ ಸಿಗುವ ಕ್ಲಾಮ್ ಚೌಡರ್ ಬೆಳ್ಳಗೆ, ಗಟ್ಟಿಯಾಗಿ, ಚಮಚಕ್ಕೆ ಅಂಟಿಕೊಳ್ಳುವ ಹಾಗಿರುತ್ತದೆ. ಮನೆಯಲ್ಲಿ ಮಾಡಹೊರಟವರು ಮೊದಲು ಕೇಳುವುದು ಆ ಕೆನೆಯ ಗುಟ್ಟನ್ನೇ. ಆದರೆ ಅಮೆರಿಕದ ಈಶಾನ್ಯ ಕರಾವಳಿಯಾದ ನ್ಯೂ ಇಂಗ್ಲೆಂಡಿನ ಈ ಅಡುಗೆಯಲ್ಲಿ ಎಲ್ಲರಿಗಿಂತ ತಡವಾಗಿ ಬಂದ ಅತಿಥಿ ಆ ಕೆನೆಯೇ.

ಚೌಡರ್ ಮಾಡುವ ಕ್ರಮ ಅಚ್ಚಾಗಿರುವುದು ನಮಗೆ ಗೊತ್ತಿರುವಂತೆ ಮೊದಲು 1751ರಲ್ಲಿ, ಬಾಸ್ಟನ್ನಿನ ಒಂದು ಪತ್ರಿಕೆಯಲ್ಲಿ, ಅದೂ ಪದ್ಯರೂಪದಲ್ಲಿ. ತಳದಲ್ಲಿ ಈರುಳ್ಳಿ, ಮೇಲೆ ಉಪ್ಪು ಹಾಕಿಟ್ಟ ಹಂದಿಮಾಂಸ, ಮೀನು, ನೆನೆಸಿದ ಬಿಸ್ಕತ್ತು, ಹೀಗೆ ಪದರ ಪದರವಾಗಿ ಜೋಡಿಸಿ, ಕೊನೆಗೆ ಕೆಂಪು ವೈನ್ ಮತ್ತು ನೀರು ಸುರಿಯಬೇಕು. ಹಾಲಿಲ್ಲ, ಆಲೂಗಡ್ಡೆಯಿಲ್ಲ, ಚಿಪ್ಪುಮೀನೂ ಇಲ್ಲ. ಪಟ್ಟಿ ನೋಡಿದರೇ ಇದು ಹಡಗಿನ ಅಡುಗೆಯೆಂದು ತಿಳಿಯುತ್ತದೆ. ತಿಂಗಳುಗಟ್ಟಲೆ ಕೆಡದ ಕಲ್ಲಿನಂಥ ಬಿಸ್ಕತ್ತೇ ಸಾರನ್ನು ಗಟ್ಟಿ ಮಾಡುತ್ತಿತ್ತು.

1829ರಲ್ಲಿ ಲಿಡಿಯಾ ಮರಿಯಾ ಚೈಲ್ಡ್ ಬರೆದ ಮಿತವ್ಯಯದ ಗೃಹಿಣಿಯರ ಪುಸ್ತಕ ಬಂತು. ಅದರ ಚೌಡರ್ ಕೂಡ ಮೀನಿನದೇ. ಚಿಪ್ಪುಮೀನು ಬೇಕಿದ್ದರೆ ಒಂದಷ್ಟು ಹಾಕಿಕೊಳ್ಳಬಹುದು ಎಂಬ ಮಟ್ಟಿಗೆ ಮಾತ್ರ. 1851ರ 'ಮೊಬಿ ಡಿಕ್' ಕಾದಂಬರಿಯಲ್ಲಿ ಮೆಲ್ವಿಲ್ ಒಂದು ಇಡೀ ಅಧ್ಯಾಯವನ್ನೇ ಚೌಡರಿಗೆ ಕೊಟ್ಟಿದ್ದಾನೆ. ನ್ಯಾಂಟುಕೆಟ್ ದ್ವೀಪದ ಛತ್ರದಲ್ಲಿ ಬಡಿಸುವ ಆ ಬಟ್ಟಲಲ್ಲಿ ಪುಟ್ಟ ಚಿಪ್ಪುಮೀನು, ಪುಡಿ ಮಾಡಿದ ಬಿಸ್ಕತ್ತು, ಹಂದಿಮಾಂಸದ ಚೂರು, ಬೆಣ್ಣೆ, ಮೆಣಸು ಇವೆ. ಹಾಲಿನ ಮಾತು ಬರುತ್ತದೆ, ಆದರೆ ಬೇರೆ ಕಡೆ: ಮೀನಿನ ಚೂರುಪಾರು ತಿಂದ ಅಲ್ಲಿನ ಹಸುವಿನ ಹಾಲಿಗೂ ಮೀನಿನ ರುಚಿ ಎಂಬ ತಮಾಷೆಯಲ್ಲಿ.

1896ಕ್ಕೆ ಬಂದರೆ ಚಿತ್ರ ಬದಲಾಗಿದೆ. ಫ್ಯಾನಿ ಫಾರ್ಮರ್ ಬಾಸ್ಟನ್ನಿನ ಅಡುಗೆ ಶಾಲೆಯ ಪುಸ್ತಕದಲ್ಲಿ ಆಲೂಗಡ್ಡೆ ತುಂಡು, ನಾಲ್ಕು ಕಪ್ ಬಿಸಿ ಹಾಲು ಹಾಕಿಸುತ್ತಾರೆ. ಅಡುಗೆ ಹಡಗಿನಿಂದ ಇಳಿದು, ಹಸುವೂ ಹೊಲವೂ ಇರುವ ಮನೆ ಸೇರಿದ್ದರ ಗುರುತು ಇದು. ಆಮೇಲೆ ಬಿಳಿ ಬಣ್ಣವೇ ಮರ್ಯಾದೆಯ ಪ್ರಶ್ನೆಯಾಯಿತು. 1939ರಲ್ಲಿ ಮೇಯ್ನ್ ರಾಜ್ಯದ ಶಾಸಕ ಕ್ಲೀವ್ಲೆಂಡ್ ಸ್ಲೀಪರ್, ಚೌಡರಿಗೆ ಟೊಮೆಟೊ ಹಾಕುವುದನ್ನೇ ನಿಷೇಧಿಸುವ ಮಸೂದೆ ತಂದರು. ಹಾಲು ಬಂದು ನೂರು ವರ್ಷ ಆಗಿತ್ತೋ ಇಲ್ಲವೋ, ಅಷ್ಟರಲ್ಲಿ ಅದು ಸನಾತನ ಸಂಪ್ರದಾಯವಾಗಿತ್ತು!

ಹಾಗಾದರೆ ಆ ಬಟ್ಟಲಲ್ಲಿ ನಿಜವಾಗಿ ಹಳೆಯದು ಯಾವುದು? ಚಿಪ್ಪುಮೀನೇ. ತುಳುವರು ಮರುವಾಯಿ, ಉತ್ತರ ಕನ್ನಡದವರು ಬಳಚು, ಮುಂಬೈ ಮಾರುಕಟ್ಟೆಯವರು ತಿಸರೆ ಎನ್ನುವುದರ ದೂರದ ನೆಂಟ ಅದು. ಅಲ್ಲಿನ ದಪ್ಪ ಚಿಪ್ಪಿನ ಜಾತಿಗೆ ಇಂದಿಗೂ 'ಕ್ವಾಹಾಗ್' ಎಂದೇ ಹೆಸರು. ಇದು ಇಂಗ್ಲಿಷ್ ಪದವಲ್ಲ. ರಾಜರ್ ವಿಲಿಯಮ್ಸ್ 1643ರಲ್ಲಿ ನರಗಾನ್ಸೆಟ್ ಜನರ ಭಾಷೆಯ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು 'ಪೊಕ್ವಾಹಾಕ್' ಎಂಬಂತೆ ದಾಖಲಿಸಿದ್ದಾರೆ. ಚಿಪ್ಪಿನ ನೇರಳೆ ಭಾಗದಿಂದ ಮಾಡಿದ ಮಣಿಗಳು ಹದಿನೇಳನೆಯ ಶತಮಾನದ ವಸಾಹತುಗಳಲ್ಲಿ ಹಣವಾಗಿ ಚಲಾವಣೆಯಲ್ಲಿದ್ದವು. ಲಿನೇಯಸ್ ಇದಕ್ಕೆ ಕೊಟ್ಟ ವೈಜ್ಞಾನಿಕ ಹೆಸರು 'ಮರ್ಸೆನೇರಿಯಾ' ಕೂಡ ಕೂಲಿ, ಸಂಬಳ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು.

ಆ ಪುಸ್ತಕ ಬಂದ 32 ವರ್ಷಕ್ಕೆ, 1675ರ ಡಿಸೆಂಬರಿನಲ್ಲಿ, ವಸಾಹತುಗಳ ಸೇನೆ ನರಗಾನ್ಸೆಟ್ ಜನರ ಕೋಟೆಗೆ ಬೆಂಕಿಯಿಟ್ಟು ನೂರಾರು ಜನರನ್ನು ಕೊಂದಿತು. ಅವರ ವಂಶದವರು ರೋಡ್ ಐಲೆಂಡಿನಲ್ಲಿ ಈಗಲೂ ಇದ್ದಾರೆ. ಆದರೆ ಆ ಭಾಷೆ ಮನೆಮಾತಾಗಿ ಉಳಿಯಲಿಲ್ಲ. ಭಾಷಾಂತರವೇ ಕಸುಬಾದ ನನ್ನಂಥವಳಿಗೆ ಇದು ತಿಂಡಿಯ ಪಟ್ಟಿಯಲ್ಲಿ ಓದಿ ಮುಂದೆ ಹೋಗುವ ಪದವಲ್ಲ. ಮಾತಾಡುವವರು ಹೋದ ಮೇಲೂ ತಿನ್ನುವವರ ಬಾಯಲ್ಲಿ ಉಳಿದ ಪದ ಇದು.

ಇದೆಲ್ಲ ತಿಳಿದ ಮೇಲೆ ಮನೆಯ ಅಡುಗೆಯ ಕ್ರಮವೂ ತಾನಾಗಿ ಸ್ಪಷ್ಟವಾಗುತ್ತದೆ. ಹೋಟೆಲಿನ ಗಟ್ಟಿತನದ ಹಿಂದೆ ಇರುವುದು ಬಹುಮಟ್ಟಿಗೆ ಬೆಣ್ಣೆಯಲ್ಲಿ ಹುರಿದ ಮೈದಾ. ಗಂಟೆಗಟ್ಟಲೆ ಬಿಸಿಯಾಗಿಡುವ ಪಾತ್ರೆಯಲ್ಲಿ ಹಾಲು ಒಡೆಯದಂತೆ ಕಾಯುವುದೂ ಅದೇ. ಮನೆಯಲ್ಲಿ ಒಂದೆರಡು ಚಮಚ ಸಾಕು, ಉಳಿದದ್ದನ್ನು ಬೆಂದ ಆಲೂಗಡ್ಡೆ ನೋಡಿಕೊಳ್ಳುತ್ತದೆ. ಚಿಪ್ಪುಗಳನ್ನು ಉಪ್ಪುನೀರಿನಲ್ಲಿಟ್ಟು ಮರಳು ಬಿಡಿಸಿ, ಸ್ವಲ್ಪ ನೀರಿನಲ್ಲಿ ಮುಚ್ಚಿ ಬೇಯಿಸಿ. ಬಾಯಿ ತೆರೆಯದವನ್ನು ಎಸೆಯಿರಿ. ಒಸರಿದ ನೀರನ್ನು ಬಟ್ಟೆಯಲ್ಲಿ ಸೋಸಿಡಿ, ರುಚಿಯೆಲ್ಲ ಅದರಲ್ಲೇ ಇದೆ. ಆ ನೀರು ಹಾಲನ್ನು ಒಡೆಸಬಲ್ಲದು. ಅದಕ್ಕೇ ಫಾರ್ಮರ್ ಅದನ್ನು ಮೈದಾದಿಂದ ಗಟ್ಟಿ ಮಾಡಿ ಕೊನೆಯಲ್ಲಿ ಸೇರಿಸಿದರು. ಹಾಲು ಬಿದ್ದ ಮೇಲೆ ಕುದಿಸಬೇಡಿ. ಮಾಂಸವನ್ನು ಇಳಿಸುವ ಮುನ್ನ ಹಾಕಿ, ಇಲ್ಲವಾದರೆ ರಬ್ಬರಾಗುತ್ತದೆ. ಉಪ್ಪನ್ನು ರುಚಿ ನೋಡಿಯೇ ಹಾಕಿ. ಚಿಪ್ಪಿನೊಳಗಿನ ಸಮುದ್ರ ತನ್ನ ಪಾಲನ್ನು ಆಗಲೇ ಹಾಕಿರುತ್ತದೆ.