ಮುಂಗಾರು ಮುನ್ಸೂಚನೆ: ಯಾರ ಪ್ರಶ್ನೆಗೆ ಉತ್ತರ?

ಪ್ರತಿ ಬೇಸಿಗೆಯಲ್ಲೂ ಹವಾಮಾನ ಇಲಾಖೆ ಒಂದು ಅಂಕಿಯನ್ನು ಪ್ರಕಟಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶದಲ್ಲಿ ಸರಾಸರಿಯ ಶೇಕಡ ಎಷ್ಟು ಮಳೆಯಾದೀತು ಎಂಬುದೇ ಆ ಅಂಕಿ. ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಯನ್ನು ನಕ್ಷತ್ರದ ಲೆಕ್ಕದಲ್ಲಿ ಎಣಿಸುವ ನಮ್ಮ ರೈತನಿಗೆ ಇದರಿಂದ ಆಗುವ ಸಹಾಯ ಅಲ್ಪ. ಹಾಗಾದರೆ ಈ ಬಗೆಯ ಮುನ್ಸೂಚನೆ ಹುಟ್ಟಿದ್ದು ಯಾರಿಗಾಗಿ?

ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಎಚ್. ಎಫ್. ಬ್ಲಾನ್‌ಫರ್ಡ್. ಮರುವರ್ಷವೇ ದಕ್ಷಿಣ ಭಾರತವನ್ನು ಭೀಕರ ಕ್ಷಾಮ ಆವರಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಮಳೆ ಕೈಕೊಡುವುದನ್ನು ಮೊದಲೇ ತಿಳಿಯಬಹುದೇ ಎಂದು ಸರ್ಕಾರ ಬ್ಲಾನ್‌ಫರ್ಡ್‌ನನ್ನು ಕೇಳಿತು. ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದರೆ ಮುಂಗಾರು ಸೊರಗುತ್ತದೆಂಬ ಊಹೆಯ ಮೇಲೆ ಆತ ಕೆಲಸ ಮಾಡಿದ. 1886ರ ಜೂನ್ 4ರಂದು ಮೊದಲ ಅಧಿಕೃತ ಮುನ್ಸೂಚನೆ ಹೊರಬಂತು.

ಅವನ ನಂತರ ಬಂದ ಜಾನ್ ಎಲಿಯಟ್ ಹಿಂದೂ ಮಹಾಸಾಗರದ, ಆಸ್ಟ್ರೇಲಿಯದ ಸ್ಥಿತಿಗತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡ. ಆದರೂ 1899ರ ಘೋರ ಬರ ಅವನ ಮುನ್ಸೂಚನೆಗೆ ಸಿಗಲಿಲ್ಲ. ಟೀಕೆ ಹೆಚ್ಚಾದಾಗ ಕೆಲವು ವರ್ಷ ಮುನ್ಸೂಚನೆಯನ್ನು ಅಧಿಕಾರಿಗಳಿಗೆ ಮಾತ್ರ ಗೋಪ್ಯವಾಗಿ ಕೊಡಲಾಯಿತು. ಬಿತ್ತುವವನಿಗೆ ಅದು ತಲುಪಲೇ ಇಲ್ಲ.

1904ರಲ್ಲಿ ಅಧಿಕಾರ ವಹಿಸಿಕೊಂಡ ಗಿಲ್ಬರ್ಟ್ ವಾಕರ್ ಗಣಿತಜ್ಞ. ಪ್ರಪಂಚದ ನಾನಾ ಕಡೆಯ ವಾಯುಭಾರ, ಉಷ್ಣತೆ, ಮಳೆಯ ದಾಖಲೆಗಳನ್ನು ಆತ ತಾಳೆ ನೋಡಿದ. ಈ ಶ್ರಮದಿಂದಲೇ 'ದಕ್ಷಿಣದ ಆಂದೋಲನ' ಬೆಳಕಿಗೆ ಬಂತು. 1960ರ ದಶಕದಲ್ಲಿ ಜಾಕೋಬ್ ಬ್ಯರ್ಕ್‌ನೆಸ್ ಅದಕ್ಕೂ ಎಲ್ ನಿನೋಗೂ ಇರುವ ನಂಟನ್ನು ವಿವರಿಸಿದರು. ಆಡಳಿತದ ಅಗತ್ಯವೊಂದು ವಿಜ್ಞಾನಕ್ಕೆ ಇಷ್ಟು ದೊಡ್ಡ ಫಲ ಕೊಟ್ಟದ್ದನ್ನು ಮರೆಯಬಾರದು. ಭಾರತವನ್ನೆಲ್ಲ ಒಂದಾಗಿ ಎಣಿಸುವುದು ಸರಿಯಲ್ಲವೆಂದು ಕಂಡ ವಾಕರ್ ದೇಶವನ್ನು ಪ್ರದೇಶಗಳಾಗಿ ವಿಂಗಡಿಸಿದ್ದೂ ಗಮನಾರ್ಹ.

1988ರಲ್ಲಿ ವಸಂತ ಗೋವಾರೀಕರ್ ಮತ್ತು ಸಂಗಡಿಗರ 16 ಅಂಶಗಳ ಮಾದರಿಯೊಂದಿಗೆ ಇಡೀ ದೇಶಕ್ಕೆ ಒಂದೇ ಅಂಕಿ ಕೊಡುವ ಪದ್ಧತಿ ಬಂತು. 2002ರಲ್ಲಿ ಸಾಧಾರಣ ಮಳೆ ಎಂದು ಹೇಳಲಾಗಿತ್ತು. ಆದರೆ ಜುಲೈನಲ್ಲಿ ಬಂದದ್ದು ವಾಡಿಕೆಯ ಅರ್ಧದಷ್ಟು; ಒಟ್ಟಾರೆ ಶೇಕಡ 19ರಷ್ಟು ಕೊರತೆಯಾಯಿತು. ಮರುವರ್ಷವೇ ಮಾದರಿಗಳನ್ನು ಬದಲಿಸಲಾಯಿತು. ಆದರೆ ಮೊತ್ತ ಸರಿಯಾಗಿದ್ದರೂ ಮಳೆ ಯಾವಾಗ ನಿಲ್ಲುತ್ತದೆ, ಯಾವ ತಾಲ್ಲೂಕಿನಲ್ಲಿ ಪೈರು ಒಣಗುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಕೆಲಸ ಮಾಡಿದ ಉದಾಹರಣೆ ನಮ್ಮಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಪಾವಗಡ ಭಾಗದ ಕಡಲೆಕಾಯಿ ಬೆಳೆಗಾರರೊಂದಿಗೆ ಕುಳಿತು, ಅವರು ತೆಗೆದುಕೊಳ್ಳಬೇಕಾದ ತೀರ್ಮಾನಗಳು ಯಾವುವೆಂದು ಮೊದಲು ಕೇಳಿದರು. ಬಿತ್ತನೆಗೆ ಯಾವ ಅವಧಿ ಕ್ಷೇಮ, ಕಾಯಿ ಕಟ್ಟುವಾಗ ಮಳೆ ತಪ್ಪುವ ಸಂಭವವೆಷ್ಟು ಎಂಬುದನ್ನು ಹಳೆಯ ಮಳೆ ದಾಖಲೆಗಳಿಂದ ಪರಿಶೀಲಿಸಿದರು. 1988ರಲ್ಲೇ ಕರ್ನಾಟಕ ಬರ ಉಸ್ತುವಾರಿಗೆಂದು ಪ್ರತ್ಯೇಕ ಕೇಂದ್ರ ಸ್ಥಾಪಿಸಿತು. ಮುಂದೆ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಮಳೆಮಾಪಕಗಳು ಬಂದವು. ಹವಾಮಾನ ಇಲಾಖೆಯೂ ಇಂದು ಪ್ರದೇಶವಾರು, ವಾರವಾರು ಮುನ್ಸೂಚನೆ ನೀಡುತ್ತಿದೆ.

ಇತಿಹಾಸದ ಪಾಠ ಇಷ್ಟೇ. ಯಾವ ತೀರ್ಮಾನಕ್ಕೆ, ಯಾವ ದಿನಾಂಕದೊಳಗೆ ಮಾಹಿತಿ ಬೇಕೆಂದು ಆಳುವವರು ಸ್ಪಷ್ಟವಾಗಿ ಕೇಳಬೇಕು. ಯಾವುದನ್ನು ಹೇಳಬಲ್ಲೆವು, ಯಾವುದನ್ನು ಹೇಳಲಾರೆವು ಎಂದು ವಿಜ್ಞಾನಿಗಳು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಹವಾಗುಣವೇ ಬದಲಾಗುತ್ತಿರುವ ಈ ದಿನಗಳಲ್ಲಿ ಇವರಿಬ್ಬರ ಮಾತುಕತೆಯಲ್ಲಿ ಬಿತ್ತುವವನಿಗೂ ಒಂದು ಸ್ಥಾನವಿರಬೇಕು. ಏಕೆಂದರೆ ಲೆಕ್ಕ ತಪ್ಪಿದರೆ ನಷ್ಟ ಮೊದಲು ತಟ್ಟುವುದು ಅವನಿಗೇ.